ಯಂತ್ರಕ್ಕೆ ಬರೆದ ಹನ್ನೆರಡು ಚೀಟಿ

ಧನ್ಯವಾದದ ಚೀಟಿ ಎಂಬ ಹೆಸರು ಕೇಳಿದರೇ ಇಸ್ತ್ರಿ ಅಕ್ಕನಿಗೆ ಮೈ ಉರಿಯುತ್ತಿತ್ತು. ಉರಿಯದೆ ಇನ್ನೇನು? ಇಪ್ಪತ್ತೆರಡು ವರ್ಷದಿಂದ ಆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿಕೊಂಡು ಬಂದವಳು ಅವಳು. ಹೊಗಳಬೇಕೆನಿಸಿದರೆ ಎದುರಿಗೇ ಹೊಗಳುವವಳು, ಬೈಯಬೇಕೆನಿಸಿದರೂ ಎದುರಿಗೇ. ಹೊಸದಾಗಿ ಬಂದ ಮ್ಯಾನೇಜರು ಗೋಡೆಗೊಂದು ತಗಡಿನ ಡಬ್ಬ ಹೊಡೆಸಿ, ಪ್ರತಿ ಶನಿವಾರ ಪ್ರತಿಯೊಬ್ಬರೂ ಜೊತೆಯವರಲ್ಲಿ ಒಬ್ಬರಿಗೆ ಧನ್ಯವಾದ ಬರೆದು ಹಾಕಲೇಬೇಕು ಎಂದು ಅಪ್ಪಣೆ ಮಾಡಿದ್ದ.

"ಹೇಳಿಸ್ಕೊಂಡು ಹೇಳೋದು ಥ್ಯಾಂಕ್ಸಾ? ಹೊಡೆದು ನಗು ಅಂದಂಗಾಯ್ತು," ಎಂದು ಅಕ್ಕ ಅವತ್ತೇ ಅಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಂದಿ ಎಷ್ಟು ಬೇಗ ದಾರಿ ಕಂಡುಕೊಂಡರು ಅಂತೀರಿ. "ಈ ವಾರ ನಿನಗೆ ನಾನು, ನನಗೆ ನೀನು," ಎಂದು ಊಟದ ಬೆಂಚಿನ ಮೇಲೇ ಮಾತು ಮುಗಿಯುತ್ತಿತ್ತು. ಬಟ್ಟೆ ಒಗೆಯುವ ಯಂತ್ರ ನೋಡಿಕೊಳ್ಳುವ ಸೋಪಣ್ಣ ಮೊದಲ ವಾರವೇ ಎರಡರಷ್ಟು ಪುಡಿ ಸುರಿದು, ನೊರೆ ಉಕ್ಕಿ ಬಾಗಿಲಾಚೆಗೂ ಹರಿಯಿತು. ಸಂಜೆಯವರೆಗೆ ಅವನೇ ಒರೆಸಿದ. ಆ ವಾರ ಅವನ ಹೆಸರಿಗೆ ಆರು ಚೀಟಿ. ಚೆಲ್ಲಿದವನೂ ಅವನೇ, ಒರೆಸಿದವನೂ ಅವನೇ, ಬೆನ್ನು ತಟ್ಟಿಸಿಕೊಂಡವನೂ ಅವನೇ. ಅಕ್ಕ ಹಲ್ಲು ಕಡಿದಳು.

ಕಡಿದು ಮಾಡಿದ್ದೇನು? ತನ್ನ ಚೀಟಿಯನ್ನು ಇಸ್ತ್ರಿ ಯಂತ್ರಕ್ಕೆ ಬರೆದಳು. 'ನೀನು ಕೆಲಸ ಮಾಡ್ತೀಯ, ಭಾಷಣ ಮಾಡಲ್ಲ. ಧನ್ಯವಾದ.' ಡಬ್ಬಕ್ಕೆ ಹಾಕುವ ಮುಂಚೆ ಬೆಂಚಿನ ಮೇಲೆ ಗಟ್ಟಿಯಾಗಿ ಓದಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ವಾರವೂ ಯಂತ್ರಕ್ಕೇ, ಅದರ ಮುಂದಿನ ವಾರವೂ. ಹನ್ನೆರಡು ಶನಿವಾರ ಹೀಗೇ ನಡೆಯಿತು. ಮ್ಯಾನೇಜರನ ಮುಖಕ್ಕೆ ಹೊಡೆದಂತೆ ಮಾಡಿದೆ ಎಂದು ಅವಳಿಗೆ ಒಳಗೊಳಗೇ ಹಿಗ್ಗು.

ಹದಿಮೂರನೆಯ ವಾರದ ಸೋಮವಾರ ಮ್ಯಾನೇಜರು ಎಲ್ಲರನ್ನೂ ಕರೆದು, ಅತಿ ಹೆಚ್ಚು ಚೀಟಿ ಬಂದಿರುವುದು ಇಸ್ತ್ರಿ ಅಕ್ಕನಿಗೆ, ಹದಿನೈದು, ಎಂದು ಸಾರಿ ಒಂದು ಕಟ್ಟನ್ನು ಅವಳ ಕೈಗಿಟ್ಟ. ಅಕ್ಕ ಕಕ್ಕಾಬಿಕ್ಕಿಯಾದಳು. ತನಗೆ ಬರೆಯುವವರು ಯಾರು? ತಾನು ಯಾರೊಂದಿಗೂ ಕೊಡುಕೊಳ್ಳುವ ಮಾತಾಡಿರಲಿಲ್ಲ. ಚಪ್ಪಾಳೆ ಮುಗಿದ ಮೇಲೆ ಮ್ಯಾನೇಜರು ಬೋರ್ಡಿಗೆ ಇನ್ನೊಂದು ಹಾಳೆ ಅಂಟಿಸಿದ. ಮೂರು ತಿಂಗಳಲ್ಲಿ ಒಂದೂ ಧನ್ಯವಾದ ಬಾರದವರ ಕೆಲಸ ಯಾರಿಗೂ ಬೇಕಾಗಿಲ್ಲವೆಂದು ತಿಳಿದು, ಆ ಜಾಗವನ್ನು ತೆಗೆಯಲಾಗುವುದು. ಕೆಳಗೆ ಒಂದೇ ಸಾಲು: ವಿಂಗಡಣೆ, ಹಿಂದಿನ ಕೋಣೆ.

ಹಿಂದಿನ ಕೋಣೆ ಅಂದರೆ ಗಂಟಮ್ಮ. ವಾರ್ಡುಗಳಿಂದ ಬರುವ ಕೊಳೆ ಬಟ್ಟೆಯ ಗಂಟುಗಳನ್ನು ಬಿಚ್ಚಿ ಬೇರೆ ಮಾಡುವ ಹೆಂಗಸು. ಎಂಟು ವರ್ಷದಿಂದ ಅಲ್ಲಿ ಒಬ್ಬಳೇ. ವಾಸನೆಗೆ ಹೆದರಿ ಯಾರೂ ಆ ಕೋಣೆಯೊಳಗೆ ಕಾಲಿಡುವುದಿಲ್ಲ. ಊಟಕ್ಕೂ ಅವಳು ಬೆಂಚಿಗೆ ಬರುವುದಿಲ್ಲ, ಜೊತೆಯವರಿಗೆ ಇರಿಸುಮುರಿಸು ಆಗಬಾರದೆಂದು. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಓದುವ ಇಬ್ಬರು ಹೆಣ್ಣುಮಕ್ಕಳು. ದುಡಿಯುವ ಕೈ ಅವಳದೊಂದೇ.

ಅಕ್ಕ ಕಟ್ಟು ಬಿಚ್ಚಿ ನೋಡಿದಳು. ಮೂರು ಚೀಟಿ ಅವಳ ನಾಲಿಗೆಗೆ ಹೆದರಿ ಬರೆದವು, ಓದಿದರೇ ತಿಳಿಯುತ್ತಿತ್ತು. ಉಳಿದ ಹನ್ನೆರಡೂ ಒಂದೇ ಕೈಬರಹ, ಶಾಲೆಯ ಮಕ್ಕಳದ್ದರಂತೆ ದುಂಡಗೆ. 'ಅಕ್ಕ ಹೋಗುವಾಗ ಬಾಗಿಲಲ್ಲಿ ನಿಂತು ಊಟ ಆಯ್ತಾ ಅಂತ ಕೇಳ್ತಾರೆ.' 'ಅಕ್ಕ ನನ್ನ ಮಗಳ ಜ್ವರ ವಿಚಾರಿಸಿದರು.' 'ಅಕ್ಕ ಇವತ್ತೂ ಊಟ ಆಯ್ತಾ ಅಂದರು.' ಹನ್ನೆರಡರ ಕೆಳಗೂ ಗಂಟಮ್ಮನ ಸಹಿ.

ಅಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಆ ಮ್ಯಾನೇಜರನ ಮೇಲೆ ಕೋಪ, ಸೋಪಣ್ಣನ ಮೇಲೆ ಕೋಪ, ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೆಯೇ. ಬಾಯಿಲ್ಲದ ಯಂತ್ರಕ್ಕೆ ಹನ್ನೆರಡು ಬರೆದು ಜಾಣತನ ಮೆರೆದೆ, ಬಾಯಿದ್ದೂ ಬಾಯಿ ಬಿಡದವಳಿಗೆ ಒಂದು ಬರೆಯಲು ನಿನಗೇನು ಬಂದಿತ್ತು ರೋಗ ಎಂದು ತನ್ನನ್ನೇ ಬೈದುಕೊಂಡಳು. ಹಾಗೆಯೇ ಮ್ಯಾನೇಜರನ ಕೋಣೆಗೆ ನುಗ್ಗಿದಳು.

"ಸಾರ್, ಆ ಹಾಳೆ ತೆಗೀರಿ."

"ಯಾಕಮ್ಮ? ನಿಮಗೇ ಮೊದಲನೇ ಸ್ಥಾನ ಬಂದಿದೆಯಲ್ಲ."

"ನನ್ನ ಸ್ಥಾನಕ್ಕೆ ಬೆಂಕಿ ಬೀಳಲಿ. ಗಂಟಮ್ಮನ್ನ ಯಾಕೆ ತೆಗೀತೀರಿ?"

"ನಾನು ತೆಗೀತಾ ಇಲ್ಲ. ನೀವೇ ತೆಗೆದಿರೋದು," ಎಂದು ಮ್ಯಾನೇಜರು ತಣ್ಣಗೆ ಅಂದ. "ಮೂರು ತಿಂಗಳು, ಇಪ್ಪತ್ತು ಜನ. ಒಬ್ಬರಿಗಾದ್ರೂ ಅವರ ಕೆಲಸದಿಂದ ಉಪಯೋಗ ಆಗಿದ್ರೆ ಬರೀತಾ ಇರಲಿಲ್ವಾ? ಒಂದೇ ಒಂದು ಚೀಟಿ ಸಾಕಿತ್ತು. ನೀವು ಯಂತ್ರಕ್ಕೆ ಬರೆದ್ರಿ."

ಮಾತು ನಿಜ, ಅದಕ್ಕೇ ಅಕ್ಕನಿಗೆ ಇನ್ನಷ್ಟು ಉರಿಯಿತು.

"ಗಂಟು ಬಿಚ್ಚೋಕೆ ಒಬ್ಬರು ಬೇಕಾ ಹೇಳಿ," ಎಂದು ಅವನು ಮುಂದುವರಿಸಿದ. "ಒಗೆಯೋರೇ ಬಿಚ್ಚಿಕೊಳ್ತಾರೆ. ಎಷ್ಟು ಹೊತ್ತಿನ ಕೆಲಸ ಅದು?"

"ಹಾಗಾದ್ರೆ ಬನ್ನಿ ಸಾರ್. ಒಂದು ಗಂಟು ಬಿಚ್ಚಿ ತೋರಿಸಿ. ಅಷ್ಟು ಮಾಡಿದ್ರೆ ನಾನು ತುಟಿ ಪಿಟಕ್ಕೆನ್ನಲ್ಲ."

ಮಾತಿಗೆ ಸಿಕ್ಕಿಬಿದ್ದ ಮ್ಯಾನೇಜರು ಎದ್ದ. ಹಿಂದಿನ ಕೋಣೆಯಲ್ಲಿ ಮಂಡಿವರೆಗೆ ಗಂಟುಗಳ ರಾಶಿ. ಗಂಟಮ್ಮ ಮೊಣಕೈವರೆಗಿನ ರಬ್ಬರ್ ಕೈಗವಸು ತೊಟ್ಟು, ಕೈಯಲ್ಲಿ ಇಕ್ಕಳ ಹಿಡಿದು ನಿಂತಿದ್ದಳು. ಹಾಳೆಯ ಸುದ್ದಿ ಅವಳಿಗೂ ಮುಟ್ಟಿತ್ತು. ಕಣ್ಣು ಕೆಂಪಾಗಿದ್ದವು, ಕೆಲಸ ಮಾತ್ರ ನಿಂತಿರಲಿಲ್ಲ. ಮ್ಯಾನೇಜರು ಅಂಗಿಯ ತೋಳು ಮಡಚಿ, ಹತ್ತಿರದ ಗಂಟನ್ನು ಸಡಿಲಿಸಿ, ಬರಿಗೈ ಒಳಗೆ ಹಾಕಲು ಬಗ್ಗಿದ.

ಗಂಟಮ್ಮ ಅವನ ಮಣಿಕಟ್ಟು ಹಿಡಿದುಬಿಟ್ಟಳು. "ಬೇಡ ಸಾರ್. ಕೈ ಹಾಕಬಾರದು, ಮೊದಲು ಒದರಬೇಕು."

ಇಕ್ಕಳದಿಂದ ಬಟ್ಟೆಯ ಅಂಚು ಹಿಡಿದೆತ್ತಿ, ತಗಡಿನ ತಟ್ಟೆಯ ಮೇಲೆ ಮೆಲ್ಲಗೆ ಒದರಿದಳು. ರಕ್ತ ಒಣಗಿದ ಸೂಜಿಯೊಂದು ಬಿತ್ತು. ಇನ್ನೊಮ್ಮೆ ಒದರಿದಳು. ಮುರಿದ ಬ್ಲೇಡಿನ ತುಂಡು. ಎರಡನ್ನೂ ಮುಚ್ಚಳದ ಡಬ್ಬಿಗೆ ಹಾಕಿ, "ದಿನಾ ಇಷ್ಟು ಸಿಗ್ತವೆ ಸಾರ್," ಎಂದಳು. ಡಬ್ಬಿ ಅರ್ಧ ತುಂಬಿತ್ತು, ಬೆಳಗಿನಿಂದ.

ಅಕ್ಕ ತನ್ನೆರಡು ಅಂಗೈ ನೋಡಿಕೊಂಡಳು. ಗಂಟಮ್ಮ ಬಂದಾಗಿನಿಂದ ಎಂಟು ವರ್ಷ, ದಿನಕ್ಕೆ ಇನ್ನೂರು ಬಟ್ಟೆ, ಬರಿಗೈಯಲ್ಲಿ. ಒಂದು ಗೀರಿಲ್ಲ. ಅದು ತನ್ನ ಅದೃಷ್ಟ ಎಂದುಕೊಂಡಿದ್ದಳು.

ಮ್ಯಾನೇಜರು ಕೈಯನ್ನು ಎದೆಗೆ ಒತ್ತಿ ಹಿಡಿದು, "ಥ್ಯಾಂಕ್ಸಮ್ಮ," ಎಂದ. ಜೇಬಿನಿಂದ ಪೆನ್ನು, ಚೀಟಿಯ ಪುಸ್ತಕ ತೆಗೆದ. ಯಾರೂ ಹೇಳಬೇಕಾಗಲಿಲ್ಲ. ಅವಳ ಹೆಸರು ಬರೆದ. ಅಲ್ಲಿಂದ ಮುಂದೆ ಪೆನ್ನು ಓಡಲಿಲ್ಲ. ಕೊನೆಗೆ ಅಕ್ಕನ ಕಡೆ ತಿರುಗಿ ಕೇಳಿದ, "ಎಂಟು ವರ್ಷದಿಂದ ಏನು ಸಹಾಯ ಮಾಡಿದ್ರು ಅಂತ ಬರೀಲಿ?"

ಅಕ್ಕನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನಮಗ್ಯಾರಿಗೂ ಏನೂ ಆಗಲಿಲ್ಲ ಅಂತ ಬರೀರಿ ಸಾರ್. ಬರೆದಾದ ಮೇಲೆ ಆ ಪೆನ್ನು ಇತ್ತ ಕೊಡಿ."