ತಾಟು ತೊಳೆದು ಕುಡಿದ ನೀರು

ಹುಡುಗಿ ನೋಡುವ ಕಾರ್ಯ ಹುಡುಗಿಯ ಮನೆಯಲ್ಲೇ ಆಗಬೇಕೆಂದು ಅವ್ವ ಎಷ್ಟು ಹೇಳಿದರೂ ಸುನಿಲ ಕೇಳಲಿಲ್ಲ. ಉಮರಗಾದ ಹೈವೇ ಮೇಲೆ ಹೊಸ ಮೆಕ್ಸಿಕನ್ ಹೋಟೆಲ್ ಆಗಿದೆ, ಅಲ್ಲೇ ಭೇಟಿಯಾಗೋಣ ಎಂದ. ನನ್ನನ್ನು ನೋಡಬೇಕಿದ್ದ ಲಾತೂರಿನ ಹುಡುಗ ಅವನು, ನಮ್ಮ ಪೈಕಿಯವನೇ. ಫೋನಿನಲ್ಲಿ ಮಾತಾಡಿ ಮಾತಾಡಿ ನನಗೂ ಮನಸ್ಸಾಗಿತ್ತು. ಅವ್ವ ಸಿಟ್ಟಿನಿಂದ ಮನೆಯಲ್ಲೇ ಉಳಿದಳು. ನಮ್ಮೂರು ಔರಾದ ಶಹಾಜನಿಯಿಂದ ನಾನು, ಅಪ್ಪ ಇಬ್ಬರೇ ಬಾಡಿಗೆ ಕಾರಿನಲ್ಲಿ ಹೊರಟೆವು.

ಅಪ್ಪ ಲಿಂಗಪೂಜೆಯಾಗದೆ ತುತ್ತು ಎತ್ತುವವರಲ್ಲ. ಉಂಡ ಮೇಲೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿಯುತ್ತಾರೆ. ಪ್ರಸಾದದ ಒಂದಗುಳೂ ಕೆಡಬಾರದು.

"ಎಲ್ಲಾ ಶಾಕಾಹಾರಿನೇ ಹೇಳೇನ್ರೀ ಮಾಮಾ, ಕಾಳಜಿ ಮಾಡಬ್ಯಾಡ್ರಿ" ಎಂದು ಸುನಿಲ ಮಾತು ಕೊಟ್ಟ ಮೇಲೆಯೇ ಅವರು ಒಪ್ಪಿದ್ದು.

ಹೋಟೆಲಿನೊಳಗೆ ಹಾಡುಹಗಲೇ ಕತ್ತಲೆ. ಗೋಡೆಯ ತುಂಬ ಮೊರದಗಲದ ಟೊಪ್ಪಿಗೆಗಳು. ಇಷ್ಟು ದೊಡ್ಡಸ್ತಿಕೆಗೆ ಬಂದದ್ದೇನು? ಮೆತ್ತಗಾದ ಚಿಪ್ಸು, ತಣ್ಣಗಿನ ರಾಜಮಾ, ಅದರ ಮೇಲೆ ರಬ್ಬರಿನಂಥ ಚೀಸು. ಅವ್ವನ ಪುಂಡಿಪಲ್ಯದ ಕಾಲ ಕಸಕ್ಕೂ ಸಮವಲ್ಲ. ಕೆಂಪು ಅನ್ನ ಒಂದೇ ಬಾಯಿಗೆ ಹತ್ತುವಂತಿತ್ತು. ಅಪ್ಪ ಅದನ್ನೇ ಮತ್ತೆ ಹಾಕಿಸಿಕೊಂಡು ಉಂಡರು.

ಆಮೇಲೆ ಗ್ಲಾಸಿನ ನೀರನ್ನು ಆ ಬಿಳಿ ಪ್ಲೇಟಿಗೆ ಸುರಿದು, ತೊಳೆದು, ಎತ್ತಿ ಕುಡಿದರು. ಪಕ್ಕದ ಟೇಬಲ್ಲಿನವರು ನಗಾಡಿದರು. ನಗಲಿ, ನನಗೇನು? ಸುನಿಲ ಮಾತ್ರ ಮುಖ ತಿರುಗಿಸಿದ. ನಾಚಿಕೆಯಾಗಿರಬೇಕು ಎಂದುಕೊಂಡೆ.

ಅಪ್ಪ ಕೈ ತೊಳೆಯಲು ಹೋದಾಗ, ಅವ್ವನಿಗೆ ಹೇಳಲು ಬೇಕಾದೀತೆಂದು ಅನ್ನ ಹೇಗೆ ಮಾಡುತ್ತೀರಿ ಎಂದು ವೇಟರನನ್ನು ಕೇಳಿದೆ.

"ಕೋಳಿ ಬೇಯಿಸಿದ ನೀರಿನಾಗ ಕುದಸ್ತಾರ್ರೀ ತಾಯಿ. ತಂದಿಡೂ ಮುಂದ ಸಾಹೇಬರ ಕಿವ್ಯಾಗ ಹೇಳೇನಲ್ಲ" ಎಂದು ಸುನಿಲನತ್ತ ಕೈ ಮಾಡಿದ.

ನಾನು ಸುನಿಲನತ್ತ ತಿರುಗಿದೆ. "ಖರೇನ?" ಎಂದೆ.

"ತುಂಡೇನು ಇದ್ದಿಲ್ಲಲ್ಲ, ಮೀನಲ. ಮಾಮಾ ಎದ್ದು ಹೋಗಿದ್ರ ಸಂಬಂಧನೇ ಮುರೀತಿತ್ತು. ಅವರಿಗಿ ಹೇಳಬ್ಯಾಡ."

"ತಾಟು ತೊಳದು ಕುಡ್ಯೂ ಮುಂದಾದ್ರೂ ಕೈ ಹಿಡೀಬೇಕಿತ್ತಲ್ಲ?"

ಅಷ್ಟರಲ್ಲಿ ಅಪ್ಪ ಬಂದರು. ಸುನಿಲನ ಬೆನ್ನು ತಟ್ಟಿ, "ಹುಡುಗ ನನಗ ಪಸಂದ ಅದಾನವ್ವಾ" ಎಂದರು. ಆ ಕ್ಷಣ ಸುನಿಲನ ಮುಖ ನೋಡಲೂ ನನಗೆ ಅಸಹ್ಯವಾಯಿತು.

ಊರಿಗೆ ಮರಳುವ ದಾರಿಯಲ್ಲಿ ನಿಲಂಗಾ ಬರುವವರೆಗೆ ಬಾಯಿ ಬಿಡಲಿಲ್ಲ. ಹೇಳದಿದ್ದರೆ ಅಪ್ಪ ಸುಖವಾಗಿರುತ್ತಾರೆ, ನಾನು ಆ ಸುಳ್ಳಿನ ಜೊತೆ ಸಂಸಾರ ಮಾಡಬೇಕು. ಕೊನೆಗೆ ಹೇಳಿಬಿಟ್ಟೆ. ಅಪ್ಪ ಕಾರು ನಿಲ್ಲಿಸಲು ಹೇಳಿ, ಇಳಿದು, ಜಾಲಿ ಗಿಡದ ಬಳಿ ಕೂತು ಗಂಟಲಿಗೆ ಬೆರಳು ಹಾಕಿಕೊಂಡರು. ಬರೀ ನೀರು ಬಂತು.

"ತಾಟೂ ತೊಳದು ಕುಡದೇನಲ್ಲವ್ವಾ" ಎಂದಷ್ಟೇ ಅಂದರು.

ಮರುದಿನ ಬೆಳಿಗ್ಗೆ ಅವ್ವ ವಿಭೂತಿ, ಪತ್ರಿ, ನೀರು ತಂದಿಟ್ಟಳು. ಅಪ್ಪ ಮಣೆಯ ಮೇಲೆ ಕೂತು ಎಡ ಅಂಗೈ ಚಾಚಿದರು. ಬಲಗೈ ಎದೆಯ ಮೇಲಿನ ಲಿಂಗದವರೆಗೆ ಹೋಗಿ, ಮುಟ್ಟದೆ ಹಿಂದಕ್ಕೆ ಬಂತು. ಹಾಗೇ ಎದ್ದುಬಿಟ್ಟರು.

ಪೂಜೆಯಿಲ್ಲ, ಅದಕ್ಕೇ ಊಟವೂ ಇಲ್ಲ. ಅವ್ವ ಹೊತ್ತು ಹೊತ್ತಿಗೆ ಬಡಿಸಿಟ್ಟು ಕಾಯುತ್ತಾಳೆ. ಸುನಿಲ ಫೋನು ಮಾಡುತ್ತಲೇ ಇದ್ದಾನೆ, ನಾನು ಎತ್ತುವುದಿಲ್ಲ. ಅಪ್ಪ ಮುಟ್ಟದೆ ಬಿಟ್ಟ ತಾಟನ್ನು ಈಗ ನಾನೇ ತೊಳೆದು ನೀರು ಚೆಲ್ಲುತ್ತೇನೆ.