ಇಸ್ತ್ರಿ ಅಕ್ಕ ಕೊಟ್ಟ ಚಂದಾ

"ಲೇ ಬೋಳಿಮುಂಡೇರಾ, ಯಾವಳೇ ಚಂದಾ ಕೊಟ್ಟಿದ್ದು? ಬಾಯಿ ಬಿಡ್ರೇ."

ಲಾಂಡ್ರಿಯ ಧಣಿ ಒದ್ದೆ ನೆಲದ ಮೇಲೆ ಚಪ್ಪಲಿ ಬಡಿಯುತ್ತ ನಿಂತಿದ್ದ. ಹೊರಗೆ ಕೌಂಟರಿನಲ್ಲಿ ದೊಡ್ಡ ಮನೆಗಳವರ ಸಾಲು. ಗುಡಿಸಲಿನವರ ಪಕ್ಷಕ್ಕೆ ದುಡ್ಡು ಹೋದ ಲಾಂಡ್ರಿಯಲ್ಲಿ ತಮ್ಮ ಬಟ್ಟೆ ಒಗೆಯುವುದೇ ಬೇಡ, ಒದ್ದೆಯಿದ್ದರೂ ಸರಿ, ಈಗಲೇ ಕೊಡಿ ಎಂದು ಹಟ ಹಿಡಿದಿದ್ದರು.

"ನಾನೇ ಕೊಟ್ಟೆ," ಎಂದಳು ಇಸ್ತ್ರಿ ಅಕ್ಕ, ಅಂಗಿಯ ಕಾಲರಿನಿಂದ ಕಣ್ಣೆತ್ತದೆ. "ನನ್ನ ಕೂಲಿ, ನನ್ನ ಇಷ್ಟ. ನೀವು ಕೊಡಲ್ವಾ ಧಣಿ?"

"ಕೊಡ್ತೀನಿ ಕಣೇ, ಆ ದೊಡ್ಡ ಮನೆಯೋರ ಪಕ್ಷಕ್ಕೆ. ಅದಕ್ಕೆ ಯಾವನಾದ್ರೂ ಬಟ್ಟೆ ವಾಪಸ್ ಕೇಳಿದ್ನಾ? ಗಂಟು ಕಟ್ಟು, ನಡಿ. ಇನ್ಮೇಲೆ ಇಸ್ತ್ರಿ ಆ ಮಡಚೋ ಹುಡುಗಿಗೆ."

ಬಟ್ಟೆ ಮಡಚುವ ಹುಡುಗಿ ಅರ್ಧ ಮಡಚಿದ ಅಂಗಿಯನ್ನು ಕೆಳಗಿಟ್ಟಳು. ಮೊನ್ನೆ ಬಟ್ಟೆ ತಲುಪಿಸಲು ಹೋದಾಗ ದೊಡ್ಡ ಮನೆಯ ಒಬ್ಬ ಅಮ್ಮಾವ್ರು ಮಾತಿಗೆಳೆದಿದ್ದರು. 'ನಮ್ಮಕ್ಕ ಯಾರಿಗೂ ಸೊಪ್ಪು ಹಾಕಲ್ಲ, ಗುಡಿಸಲಿನವರಿಗೆ ಚಂದಾ ಕೊಟ್ಟಿದ್ದಾಳೆ' ಎಂದು ಇವಳು ರಾಜಕುಮಾರಿಯ ಕಥೆ ಹೇಳುವಂತೆ ಕಣ್ಣರಳಿಸಿ ಹೇಳಿ ಬಂದಿದ್ದಳು.

ಧಣಿ ಕೌಂಟರಿಗೆ ಹೋದ. ಅಕ್ಕ ಹುಡುಗಿಯನ್ನು ಹತ್ತಿರ ಕರೆದಳು.

"ಬಾ ಮಗಾ. ರೇಷ್ಮೆಗೆ ನೇರ ಕಾವು ತಾಗಿಸಬೇಡ, ಒಳಮೈ ತಿರುವಿ ಒತ್ತು. ಚಾಡಿ ಹೇಳಿದೋರ ನಾಲಿಗೆಗೆ ಹುಳ ಬೀಳ. ಗಂಜಿ ಅಂಗಿಗೆ ಮೊದಲು ನೀರು ಚಿಮುಕಿಸು."

"ಅಕ್ಕಾ, ಹೇಳಿದ್ದು ನಾನೇ."

ಅಕ್ಕನ ಕೈ ನಿಂತಿತು. ಕೆಳಗಿನ ಅಂಗಿ ಸೀದ ವಾಸನೆ ಎದ್ದಿತು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟಳು.

"ಹೆದರಿ ಹೇಳಿದ್ಯಾ?"

"ಇಲ್ಲ. ಹೆಮ್ಮೆಗೆ."

"ಮತ್ತೆ ಈಗ್ಯಾಕೆ ಕಳ್ಳಿ ಥರ ನೆಲ ನೋಡ್ತೀಯ?"

ಹುಡುಗಿ ಆ ಅಮ್ಮಾವ್ರ ಸೀರೆಗಳನ್ನು ತೊಟ್ಟಿಯಿಂದೆತ್ತಿ, ಹಿಂಡದೆ, ನೀರು ಸುರಿಸುತ್ತಲೇ ಕೌಂಟರಿಗೆ ಹೊತ್ತೊಯ್ದಳು.

ಸಾಲಿನಲ್ಲಿ ನಿಂತಿದ್ದ ಅಮ್ಮಾವ್ರು ನಕ್ಕರು. "ನಿನ್ನ ಮೇಲೆ ನಮಗೇನೂ ಕೋಪ ಇಲ್ಲಮ್ಮ. ಪಾಪ, ನಿಜ ಹೇಳಿದೆ."

"ಇನ್ನೊಂದು ನಿಜ ಹೇಳ್ಲಾ ಅಮ್ಮಾವ್ರೇ? ಮುಂದಿನ ಚಂದಾ ನಂದು."

ಸೀರೆಗಳನ್ನು ಅವರ ಗರಿಗರಿ ಸೆರಗಿನ ಮೇಲೇ ಹಾಕಿದಳು. ಸಾಲಿನಲ್ಲಿ ಗದ್ದಲವೆದ್ದಿತು. ಬಟ್ಟೆ ಕೊಡಲೆಂದು ಆಗಷ್ಟೇ ಬಂದಿದ್ದ ಒಬ್ಬಿಬ್ಬರೂ ಬಂದ ದಾರಿ ಹಿಡಿದರು. ಧಣಿ ಹುಡುಗಿಯ ಜಡೆಗೆ ಕೈ ಹಾಕಿ ಮುಷ್ಟಿಗೆ ಸುತ್ತಿಕೊಂಡ.

ಬೆನ್ನ ಹಿಂದೆ ಸೋಪಿನ ವಾಸನೆ ಬಂತು. ಲಾಂಡ್ರಿಯಲ್ಲಿ ಎಲ್ಲರೂ ಅತ್ತಿಗೆ ಎನ್ನುವ, ಬಟ್ಟೆ ಒಗೆಯುವವಳು ತೊಟ್ಟಿ ಬಿಟ್ಟು ಬಂದಿದ್ದಳು.

"ನಾನು ಯಾವ ಪಕ್ಷಕ್ಕೂ ಕೊಟ್ಟಿಲ್ವಲ್ಲೇ," ಎಂದಳು ಮೆಲ್ಲಗೆ. "ನಾಳೆ ಯಾರ ಬಟ್ಟೆ ಒಗೀಲಿ, ಹೇಳು."

ಜಡೆ ಇನ್ನೂ ಧಣಿಯ ಮುಷ್ಟಿಯಲ್ಲಿತ್ತು. ಹುಡುಗಿ ಅತ್ತಿಗೆಯತ್ತ ಕತ್ತು ತಿರುಗಿಸಲಾರದೆ ನಿಂತಳು.