ಯುಗಾದಿಯ ಸೀಗೆಪುಡಿ

ಸೀಗೆಕಾಯಿ ಒಳ್ಳೆಯದೋ ಅಲ್ಲವೋ ಎಂಬುದನ್ನು ಪದ್ಮಾ ಅದು ಮುರಿಯುವ ಸದ್ದಿನಲ್ಲೇ ಹೇಳಿಬಿಡುತ್ತಿದ್ದಳು. ಕಟ್ ಎಂದರೆ ಈ ವರ್ಷದ ಕಾಯಿ. ಮೆತ್ತಗೆ ಬಾಗಿದರೆ ಯಾವುದೋ ಗೋದಾಮಿನಲ್ಲಿ ಮಳೆಗಾಲ ಕಳೆದು ಬಂದದ್ದು. ಅಹಮದಾಬಾದಿನ ಮಾಣೆಕ್ ಚೌಕದ ಗಿಡಮೂಲಿಕೆ ಅಂಗಡಿಯ ಮುದುಕ ಮೊದಲೆರಡು ಸಲ ಗೊಣಗಿದ್ದ. ಮೂರನೆಯ ಸಲದಿಂದ ಅವಳನ್ನು ಕಂಡ ಕೂಡಲೇ ಒಳಗಿನ ಚೀಲವನ್ನೇ ಎಳೆದು ತಂದು ಮುಂದಿಡುತ್ತಿದ್ದ. ಅವಳು ಅವನೊಡನೆ ಜಗಳವಾಡಿದವಳೇ ಅಲ್ಲ. ಕಾಯಿ ಮುರಿದು ಅವನ ಕಿವಿಗೆ ಕೇಳಿಸಿದ್ದಳು, ಅಷ್ಟೇ.

ಪದ್ಮಾಗೆ ಇಪ್ಪತ್ತೆರಡು ವರ್ಷ. ತಾಯಿ ತೀರಿಕೊಂಡಾಗ ಆರನೆಯ ತರಗತಿಗೇ ಶಾಲೆ ಬಿಟ್ಟು, ಕೆಲವು ವರ್ಷ ಚಿಕ್ಕಮ್ಮನ ಮನೆಯಲ್ಲಿದ್ದು, ಆಮೇಲೆ ಅಣ್ಣ ಪಟ್ಟಾಭಿರಾಮನ ಸಂಸಾರದ ಜೊತೆ ಹೊರಟವಳು. ಅಣ್ಣನಿಗೆ ವಿಮಾ ಕಚೇರಿಯ ಕೆಲಸ. ಮೊದಲು ಸೂರತ್, ಆಮೇಲೆ ಬರೋಡಾದ ಅಲ್ಕಾಪುರಿ, ಈಗ ಎರಡು ವರ್ಷದಿಂದ ಅಹಮದಾಬಾದಿನ ನವರಂಗಪುರ. ಪ್ರತಿ ವರ್ಗಾವಣೆಯಲ್ಲೂ ಪದ್ಮಾಳ ಒರಳುಕಲ್ಲು ಲಾರಿ ಹತ್ತುತ್ತಿತ್ತು. ಹಿಟ್ಟಿನ ಗಿರಣಿಯವನು ಸೀಗೆಕಾಯಿಯನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಒಮ್ಮೆ ಬೀಸಿದರೆ ಮರುದಿನದವರೆಗೆ ಬಂದ ಗಿರಾಕಿಗಳೆಲ್ಲ ಸೀನಬೇಕು. ಹಾಗಾಗಿ ಅವಳೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕುಟ್ಟುತ್ತಿದ್ದಳು, ತೆಳ್ಳನೆಯ ಪಂಚೆಯಲ್ಲಿ ಜರಡಿ ಹಿಡಿಯುತ್ತಿದ್ದಳು. ಅತ್ತಿಗೆ ಇಂದುಮತಿಯ ಕೂದಲಿಗೆಂದು ಶುರುವಾದ ಪುಡಿ ಬರಬರುತ್ತಾ ನವರಂಗಪುರದ ಕನ್ನಡ ಮನೆಗಳಿಗೆಲ್ಲ ಹೋಗತೊಡಗಿತು.

ಆ ವರ್ಷ ಅಲ್ಲಿನ ಕನ್ನಡ ಸಂಘದ ಹೆಂಗಸರು ಯುಗಾದಿಗೆ ಪ್ರತಿ ಕನ್ನಡ ಮನೆಗೂ ಎಣ್ಣೆಸ್ನಾನದ ಪುಡಿ ಹಂಚುವುದೆಂದು ನಿಶ್ಚಯಿಸಿದರು. ಮಹಿಳಾ ವಿಭಾಗ ನೋಡಿಕೊಳ್ಳುವ ಶಾಂತಮ್ಮನವರು ಮನೆಗೇ ಬಂದು, "ಪದ್ಮಾ, ನಲವತ್ತು ಪೊಟ್ಟಣ. ನಿನ್ನ ಕೈಲಾಗತ್ತೇನೇ?" ಎಂದು ಕೇಳಿದರು. ಪದ್ಮಾ ತಲೆಯಾಡಿಸಿದಳು. ಅವರು ಹೋದ ಮೇಲೆ ಒರಳನ್ನು ಇನ್ನೊಮ್ಮೆ ಒರೆಸಿಟ್ಟಳು. ಈ ಊರಿನಲ್ಲಿ ಅವಳು ಅದುವರೆಗೆ ಪಟ್ಟಾಭಿಯ ತಂಗಿ, ಇಂದುಮತಿಯ ನಾದಿನಿ. ಹೆಸರು ಹಿಡಿದು, ಅವಳಿಂದಲೇ ಆಗಬೇಕಾದ ಕೆಲಸವೊಂದನ್ನು ಯಾರಾದರೂ ಕೇಳಿದ್ದು ಇದೇ ಮೊದಲು.

ಯುಗಾದಿಗೆ ಇನ್ನೂ ಎರಡೂವರೆ ವಾರವಿದ್ದಾಗ, ಸಂಘದ ಶುಕ್ರವಾರದ ಭಜನೆ ಮುಗಿದು ಕೋಸಂಬರಿ ಹಂಚುತ್ತಿದ್ದ ಹೊತ್ತಿಗೆ, ಬ್ಯಾಂಕ್ ಮ್ಯಾನೇಜರರ ಹೆಂಡತಿ ಅನುರಾಧಮ್ಮ ತಮ್ಮ ಜಡೆಯನ್ನು ಮುಂದಕ್ಕೆ ಹಾಕಿಕೊಂಡರು.

"ಮುಟ್ಟಿ ನೋಡ್ರೀ. ಗೋಂದು! ಬಾಚಿದ್ರೆ ಬಾಚಣಿಗೆ ಹಲ್ಲಿಗೆಲ್ಲ ಬಿಳೀ ಪುಡಿ. ಒಂದು ತಿಂಗಳು ಬಾಂಬೆಯಲ್ಲಿ ನಮ್ಮಕ್ಕನ ಮನೇಲಿದ್ನಲ್ಲ, ರೇಷ್ಮೆ ಕಣ್ರೀ, ರೇಷ್ಮೆ!"

"ಅಲ್ಲೇನು ಹಾಕ್ಕೋತಿದ್ರಿ?" ಎಂದು ಶಾಂತಮ್ಮ ಕೇಳಿದರು.

ಅದಕ್ಕೇ ಕಾದಿದ್ದವರಂತೆ ಅನುರಾಧಮ್ಮ ಚೀಲದಿಂದ ಹಸಿರು ಬಾಟಲಿ ತೆಗೆದು, ಕನ್ನಡಕ ಏರಿಸಿ, ಚೀಟಿಯನ್ನು ಸಹಸ್ರನಾಮದ ಧಾಟಿಯಲ್ಲೇ ಓದಿದರು. "ಕೊಕೊನಟ್ ಆಯಿಲ್ ಸೋಪ್. ಗ್ಲಿಸರೀನ್. ಪರ್ಫ್ಯೂಮ್. ಕೂದಲು ಮೆತ್ತಗಾಗತ್ತೆ, ಹೊಳಪು ಬರತ್ತೆ ಅಂತ ಇಲ್ಲೇ ಅಚ್ಚು ಹಾಕಿಸಿದಾರೆ. ಇಲ್ಲಿಗೆ ಬಂದ ಮೇಲೂ ಇದನ್ನೇ ಹಾಕ್ಕೋತಾ ಇದೀನಿ. ಸೀಗೆಪುಡಿ ಅಭ್ಯಾಸ ಬಿಡಕ್ಕಾಗಲ್ಲ ಅಂತ ಮೇಲಿಂದ ಈ ಪದ್ಮಾನ ಪುಡೀನೂ ಹಾಕ್ಕೊಂಡೆ. ಅಲ್ಲಿ ಬಾಟಲಿ ಒಂದೇ, ರೇಷ್ಮೆ. ಇಲ್ಲಿ ಬಾಟಲಿ ಜೊತೆ ಪುಡಿ, ಗೋಂದು. ಹೆಚ್ಚಿಗೆ ಸೇರಿದ್ದು ಯಾವುದು? ನೀವೇ ಹೇಳಿ."

ವಾದದಲ್ಲಿ ಯಾರಿಗೂ ತೂತು ಕಾಣಲಿಲ್ಲ, ಪದ್ಮಾಗೂ ಕಾಣಲಿಲ್ಲ.

"ಇದರಲ್ಲೇನಿದೆ ಅಂತ ಬಾಟಲಿ ಮೇಲೇ ಬರೆದಿದೆ. ನಿನ್ನ ಪುಡೀಲಿ ಏನೇನಿದೆ, ಹೇಳಮ್ಮ?" ಎಂದು ಅನುರಾಧಮ್ಮ ಪದ್ಮಾಳತ್ತ ತಿರುಗಿದರು.

ಸೀಗೆಕಾಯಿ, ಅಂಟುವಾಳ, ಮೆಂತ್ಯ, ಹೆಸರುಕಾಳು, ದಾಸವಾಳದ ಎಲೆ, ನಿಂಬೆಸಿಪ್ಪೆ. ಆರೂ ಪದ್ಮಾಳ ಮನಸ್ಸಿನಲ್ಲಿ ಸಾಲಾಗಿ ನಿಂತಿದ್ದವು; ಒಂದೂ ಬಾಯಿಗೆ ಬರಲಿಲ್ಲ.

"ಅವಳ ಬಾಯಿ ತೆಗೆಸಬೇಕಾದ್ರೆ ಒರಳಿಗೆ ಹಾಕಿ ಕುಟ್ಟಬೇಕು" ಎಂದು ಹಿಂದಿನಿಂದ ಯಾರೋ ಅಂದರು. ನಗು ಎದ್ದಿತು.

ಶಾಂತಮ್ಮ ನಗಲಿಲ್ಲ. "ನಲವತ್ತು ಮನೆಗೆ ಹೋಗೋ ಸಾಮಾನು. ಹಬ್ಬದ ದಿನ ಯಾರ ತಲೇನೂ ಕೆಡಬಾರದು. ಬರೋ ಶುಕ್ರವಾರ ಇದೊಂದು ತೀರ್ಮಾನ ಆಗ್ಲಿ. ಪುಡಿ ಸರಿಯಿಲ್ಲ ಅಂದ್ರೆ ಬೇರೆ ಏನಾದ್ರೂ ಹಂಚೋಣ."

ಎಲ್ಲರೂ ಏಳುವಾಗ ಪದ್ಮಾ ಅನುರಾಧಮ್ಮನ ಹತ್ತಿರ ಹೋಗಿ, ಜಡೆಯ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ಉಜ್ಜಿ ನೋಡಿದಳು. ಆಮೇಲೆ ಕೋಸಂಬರಿಯ ಖಾಲಿ ಬಟ್ಟಲನ್ನು ಮುಂದೆ ಹಿಡಿದಳು.

"ಆ ಬಾಟಲೀದು ಒಂಚೂರು ಕೊಡ್ತೀರಾ?"

"ತಗೋ, ತಗೋ. ನೀನೂ ಹಾಕ್ಕೊಂಡು ನೋಡು" ಎಂದು ಅನುರಾಧಮ್ಮ ಧಾರಾಳವಾಗಿ ಸುರಿದರು.

ಮನೆಯಲ್ಲಿ ಅಣ್ಣ, "ಹೋಗ್ಲಿ ಬಿಡು ಪದ್ಮಾ, ಬಾಟಲೀನೇ ಹಂಚಿಕೊಳ್ಳಲಿ. ನಿನಗೂ ಕುಟ್ಟೋದು ತಪ್ಪತ್ತೆ" ಎಂದ. ಇಂದುಮತಿಗೆ ರೇಗಿಹೋಯಿತು. "ಏನು ಬಿಡೋದು? ಏಳು ವರ್ಷದಿಂದ ಅದೇ ಪುಡಿ ಹಾಕ್ಕೊಂಡಿದೀನಿ. ನನ್ನ ತಲೆ ನೋಡಿ ಮಾತಾಡಿ!" ಅವನು ನಿಜವಾಗಿಯೂ ಒಮ್ಮೆ ನೋಡಿ, ಪೇಪರು ಬಿಡಿಸಿಕೊಂಡ.

ಪದ್ಮಾ ಆ ಮಾತಿಗೆ ಸೇರಲಿಲ್ಲ. ಪುಡಿ ಕೆಟ್ಟಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಂದಮೇಲೆ ಅನುರಾಧಮ್ಮ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಏನೋ ಇರಬೇಕು. ಬೆರಳಿಗೆ ಅಂಟಿದ್ದು ಮಾತ್ರ ಎಲ್ಲೋ ಪರಿಚಯವಿದ್ದ ಹಾಗೆ ಅನ್ನಿಸುತ್ತಿತ್ತು.

ಅದರ ಸುಳಿವು ಸೋಮವಾರ ಬೆಳಿಗ್ಗೆ ಸಿಕ್ಕಿತು. ಅತ್ತಿಗೆ ತೊಗರಿಬೇಳೆಗೆ ಚಿಟಿಕೆ ಸೋಡಾ ಹಾಕುತ್ತಾ, ದಿನವೂ ಬಯ್ಯುವಂತೆ ತಮ್ಮ ಹೌಸಿಂಗ್ ಸೊಸೈಟಿಯ ಟ್ಯೂಬ್‌ವೆಲ್ಲನ್ನು ಬಯ್ದರು. "ದರಿದ್ರ ನೀರು. ಸೂರತ್‌ನಲ್ಲಿ ಒಂದು ಕುದಿ ಬಂದ್ರೆ ಬೇಳೆ ಕರಗಿ ಹೋಗ್ತಿತ್ತು." ಪದ್ಮಾ ನೀರು ಕಾಯಿಸುವ ಹಂಡೆಯನ್ನು ನೋಡಿದಳು. ಒಳಗೆ ಸುಣ್ಣ ಬಳಿದಂತೆ ಬೆಳ್ಳಗೆ ಕಟ್ಟಿತ್ತು. ಉಗುರಿನಿಂದ ಕೆರೆದಳು. ಅನಂತರ ಬಚ್ಚಲಿಗೆ ಹೋಗಿ ಸೋಪಿನ ತಟ್ಟೆಯ ಅಂಚನ್ನು ಬೆರಳಿನಿಂದ ಉಜ್ಜಿದಳು. ಅದೇ ಅಂಟು. ಅನುರಾಧಮ್ಮನ ಜಡೆಯ ತುದಿಯದ್ದೇ.

ಬಟ್ಟಲಿನ ಹಸಿರು ದ್ರವದಿಂದ ಒಂದು ಚಮಚ ತೆಗೆದು ಲೋಟದ ಟ್ಯೂಬ್‌ವೆಲ್ ನೀರಿಗೆ ಹಾಕಿ ಕಲಕಿದಳು. ನೊರೆ ಬರಲಿಲ್ಲ. ಒಡೆದ ಹಾಲಿನಂತೆ ಬಿಳಿಯ ಚೂರುಗಳು ತೇಲಿದವು. ಇನ್ನು ಬೇಕಾದದ್ದು ಬೇರೆ ನೀರು. ಆದರೆ ಸೊಸೈಟಿಯ ಅಷ್ಟೂ ಮನೆಗಳಿಗೆ ಅದೊಂದೇ ಟ್ಯೂಬ್‌ವೆಲ್.

ಪಕ್ಕದ ಮನೆಯ ಚಂಪಾಬೆನ್ ಪ್ರತಿ ವಾರ ಖಾಡಿಯಾದ ತವರಿನಿಂದ ಒಂದು ಹಿತ್ತಾಳೆ ಬಿಂದಿಗೆ ತುಂಬ ನೀರು ತರುತ್ತಿದ್ದುದನ್ನು ಪದ್ಮಾ ಗಮನಿಸಿದ್ದಳು. ಗಂಡ ಹಾಸ್ಯ ಮಾಡಿದರೂ ಬಿಡುತ್ತಿರಲಿಲ್ಲ. ಖಾಡಿಯಾದಂಥ ಹಳೆಯ ಊರಿನಲ್ಲಿ, ಪೋಳ್ ಎಂಬ ಇಕ್ಕಟ್ಟು ಓಣಿಗಳಲ್ಲಿ, ಒತ್ತೊತ್ತಾಗಿ ನಿಂತ ಮರದ ಕೆತ್ತನೆಯ ಮನೆಗಳ ಅಂಗಳದಡಿ, ಮಳೆನೀರು ತುಂಬಿಡುವ ತೊಟ್ಟಿ ಇರುತ್ತದೆ, ಟಾಂಕಾ ಎನ್ನುತ್ತಾರೆ. ಸಾಮಾನ್ಯವಾಗಿ ಬಾಗಿಲಲ್ಲಿ ನಕ್ಕು ಒಳಗೆ ಹೋಗಿಬಿಡುವ ಪದ್ಮಾ ಅಂದು ತಾನೇ ಹೋಗಿ ಚಂಪಾಬೆನ್‌ನ ಬಾಗಿಲು ತಟ್ಟಿದಳು.

"ಕೇಮ್ ಪದ್ಮಾಬೆನ್, ಏನು ವಿಷಯ? ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎಂದಳು ಚಂಪಾಬೆನ್ ಗುಜರಾತಿಯಲ್ಲಿ.

ಪದ್ಮಾ ತನ್ನ ಹರುಕು ಗುಜರಾತಿಯಲ್ಲಿ, ಟಾಂಕಾದ ನೀರು ಒಂದು ತಂಬಿಗೆ ಬೇಕು, ಎಂದಳು.

"ದಾಳ್ ಮಾಡೋಕ್ಕಾ?"

"ಅಲ್ಲ, ಕೂದಲಿಗೆ."

ಚಂಪಾಬೆನ್ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಹಾಯ್ ಹಾಯ್! ಆ ನೀರು ದಾಳಿಗೆ, ದೇವರಿಗೆ. ತಲೆ ತೊಳೆಯೋಕೆ ಕೇಳಿದ್ರೆ ನನ್ನಮ್ಮ ನಿನ್ನನ್ನ ಅದೇ ಟಾಂಕಾಕ್ಕೆ ತಳ್ತಾಳೆ." ಲೋಟದಲ್ಲಿ ಕಲಕಿ ನೋಡಲು ಮಾತ್ರ ಎಂದು ತಿಳಿದ ಮೇಲೆ ಅವಳಿಗೇ ಕುತೂಹಲ ಹುಟ್ಟಿತು. ಮರುದಿನ ಇಬ್ಬರೂ ಕೆಂಪು ಬಸ್ಸಿನಲ್ಲಿ ಎಲ್ಲಿಸ್ ಸೇತುವೆ ದಾಟಿ ಖಾಡಿಯಾಗೆ ಹೋಗಿ ಬಂದರು. ಬರುವಾಗ ಪದ್ಮಾ ತಂಬಿಗೆಯ ಬಾಯಿಗೆ ಬಟ್ಟೆ ಕಟ್ಟಿ, ದಾರಿಯುದ್ದಕ್ಕೂ ತೊಡೆಯ ಮೇಲೆ ಹಿಡಿದು ಕುಳಿತಿದ್ದಳು.

ಆ ಮೂರು ದಿನ ಅವಳು ಏನೆಲ್ಲ ಬೆರೆಸಿ ನೋಡಿದಳೋ ಅಡುಗೆಮನೆಯ ಲೋಟಗಳಿಗೇ ಗೊತ್ತು. ಒಂದರಲ್ಲಿ ತನಗೆ ಹಿಡಿಸದ ಸಂಗತಿಯೂ ಕಂಡಿತು. ಅದನ್ನೂ ತೋರಿಸುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಶುಕ್ರವಾರ ಮಂಗಳಾರತಿಯಾದ ಮೇಲೆ ಶಾಂತಮ್ಮ, "ಹೂಂ, ಪದ್ಮಾ" ಎಂದರು. ಪದ್ಮಾ ನಾಲ್ಕು ಗಾಜಿನ ಲೋಟಗಳನ್ನು ಮಣೆಯ ಮೇಲೆ ಸಾಲಾಗಿ ಇಟ್ಟಳು. ಎರಡು ದಿನದಿಂದ ಅಭ್ಯಾಸ ಮಾಡಿದ್ದ ಮೊದಲ ಮಾತು ಅಷ್ಟು ಕಣ್ಣುಗಳೆದುರು ಮಾಯವಾಯಿತು. ಬಾಯಿಗೆ ಬಂದದ್ದು ಬೇರೆಯೇ.

"ನಿಮ್ಮನೇಲಿ ಬೇಳೆಗೆ ಸೋಡಾ ಹಾಕ್ತೀರಾ ಅನುರಾಧಮ್ಮ?"

"ಇದೇನೇ ಇದು, ತಲೆ ವಿಷಯ ಕೇಳಿದ್ರೆ ಬೇಳೆ ವಿಷಯ ತೆಗೀತಾಳೆ! ಹಾಕ್ದೆ ಇನ್ನೇನು? ಈ ನೀರಲ್ಲಿ ಹಾಗೇ ಬಿಟ್ರೆ ಸಂಜೆವರೆಗೂ ಬೇಯಲ್ಲ."

"ಬಾಂಬೆಯಲ್ಲಿ ನಿಮ್ಮಕ್ಕ ಹಾಕ್ತಿದ್ರಾ?"

"ಅಲ್ಯಾಕೆ? ಅಲ್ಲಿ ಕೆರೆ ನೀರು. ಬೆಣ್ಣೆ ಥರ..." ಅನುರಾಧಮ್ಮನ ಕೈ ತಾನಾಗಿ ಜಡೆಯ ಕಡೆ ಹೋಯಿತು.

ಪದ್ಮಾ ಕಾಯಲಿಲ್ಲ. ಒಂದನೆಯ ಲೋಟದಲ್ಲಿ ಟ್ಯೂಬ್‌ವೆಲ್ ನೀರು, ಎರಡನೆಯದರಲ್ಲಿ ಟಾಂಕಾದ ನೀರು. ಎರಡಕ್ಕೂ ಹಸಿರು ಬಾಟಲಿಯದ್ದು ಒಂದೊಂದು ಚಮಚ ಹಾಕಿ ಕಲಕಿದಳು. ಮಳೆನೀರಿನಲ್ಲಿ ನೊರೆ ಲೋಟದ ಅಂಚು ಮೀರಿ ಉಕ್ಕಿತು. ಟ್ಯೂಬ್‌ವೆಲ್ ನೀರು ಒಡೆದು, ಬಿಳಿಯ ಚೂರು ಗಾಜಿಗೆ ಅಂಟಿಕೊಂಡಿತು. ಉಳಿದ ಎರಡು ಲೋಟಗಳಿಗೆ ತನ್ನ ಪುಡಿ ಹಾಕಿದಳು. ಎರಡರಲ್ಲೂ ಒಂದೇ ಬಗೆಯ ಕಂದು ನೊರೆ ಎದ್ದು ನಿಂತಿತು.

"ಬಾಟಲಿ ಕೆಟ್ಟದ್ದಲ್ಲ" ಎಂದಳು ಪದ್ಮಾ. ದನಿ ಸಣ್ಣದಾಗಿತ್ತು. "ನೀವೇ ಓದಿದ್ರಲ್ಲ, ಅದರಲ್ಲಿರೋದು ಸೋಪು. ಸೋಪಿಗೂ ಹಂಡೇಲಿ ಸುಣ್ಣ ಕಟ್ಟೋ ಈ ನೀರಿಗೂ ಆಗಿಬರಲ್ಲ. ಬಾಂಬೆಯಿಂದ ನಿಮ್ಮ ಜೊತೆ ಬಾಟಲಿ ಬಂತು, ನೀರು ಅಲ್ಲೇ ಉಳೀತು. ಸೀಗೆಕಾಯಿ, ಅಂಟುವಾಳಕ್ಕೆ ಯಾವ ನೀರಾದ್ರೂ ನಡೆಯತ್ತೆ."

"ಹಾಗಾದ್ರೆ ಪುಡೀದೇನೂ ತಪ್ಪಿಲ್ಲ ಅಂತಾಯ್ತು" ಎಂದರು ಶಾಂತಮ್ಮ.

"ಇದೆ" ಎಂದಳು ಪದ್ಮಾ.

ಇಂದುಮತಿ ಗಾಬರಿಯಿಂದ ಕಣ್ಸನ್ನೆ ಮಾಡಿದರು. ಪದ್ಮಾ ಅತ್ತ ನೋಡಲಿಲ್ಲ. ನೊರೆ ಉಕ್ಕಿದ್ದ ಎರಡನೆಯ ಲೋಟಕ್ಕೆ ಸೀಗೆಪುಡಿಯ ನೀರನ್ನು ಸುರಿದಳು. ಅಷ್ಟು ಚೆಂದದ ನೊರೆ ಕಣ್ಣೆದುರೇ ಕುಸಿದು ಜಿಡ್ಡುಜಿಡ್ಡಾಯಿತು.

"ಸೀಗೆಕಾಯಿ ಹುಳಿ. ಸೋಪಿನ ಮೇಲೆ ಹಾಕಿದ್ರೆ ಸೋಪು ಒಡೆಯತ್ತೆ. ಅನುರಾಧಮ್ಮನ ತಲೇಲಿ ನೀರೂ ಕೆಡಿಸ್ತು, ನನ್ನ ಪುಡೀನೂ ಕೆಡಿಸ್ತು. ಎರಡರಲ್ಲಿ ಒಂದೇ ಹಾಕ್ಕೋಬೇಕು. ಅದನ್ನ ನಾನು ಮೊದಲೇ ಹೇಳಬೇಕಿತ್ತು. ನನಗೂ ಗೊತ್ತಿರಲಿಲ್ಲ, ಈಗ ಗೊತ್ತಾಯ್ತು."

ಅನುರಾಧಮ್ಮ ಬಗ್ಗಿ ಒಂದನೆಯ ಲೋಟದೊಳಗೆ ಬೆರಳು ಅದ್ದಿ ಉಜ್ಜಿ ನೋಡಿದರು, ಆಮೇಲೆ ತಮ್ಮ ಜಡೆಯನ್ನು.

"ಅಯ್ಯೋ, ಇದನ್ನ ತಲೆ ಮೇಲೆ ಹೊತ್ಕೊಂಡು ತಿರುಗ್ತಿದ್ನಲ್ಲೇ ಮಾರಾಯ್ತಿ! ಇದು ಬಿಡಬೇಕಾದ್ರೆ ಏನು ಮಾಡ್ಲಿ?"

"ಬರೀ ಪುಡಿ ಹಾಕಿ ಎರಡು ಸಲ ತೊಳೀರಿ. ಕೊನೇ ಚೊಂಬಿಗೆ ಅರ್ಧ ನಿಂಬೆಹಣ್ಣು ಹಿಂಡಿ."

"ಬಾಟಲಿ?"

"ಬಾಂಬೆಗೆ ಹೋದಾಗ ತಗೊಂಡು ಹೋಗಿ."

ಈ ಸಲದ ನಗುವಿನಲ್ಲಿ ಮೊದಲ ದನಿ ಅನುರಾಧಮ್ಮನದೇ. ಶಾಂತಮ್ಮ ಮಣೆಯಿಂದ ಎದ್ದು ಸೆರಗು ಕೊಡವಿಕೊಂಡರು. "ನಲವತ್ತು ಅಂದಿದ್ನಲ್ಲ ಪದ್ಮಾ, ಐವತ್ತು ಮಾಡು. ಹೊಸದಾಗಿ ವರ್ಗವಾಗಿ ಬಂದವರಿಗೇ ಇದು ಮೊದಲು ಬೇಕು."

ಹಬ್ಬದ ಹಿಂದಿನ ವಾರ ಇಂದುಮತಿ ಪೊಟ್ಟಣ ಕಟ್ಟುತ್ತಿದ್ದರು, ಪದ್ಮಾ ಚೀಟಿ ಬರೆಯುತ್ತಿದ್ದಳು. ಆರನೆಯ ತರಗತಿಯ ದುಂಡು ಅಕ್ಷರ. ಆರೂ ಸಾಮಾನುಗಳ ಹೆಸರು, ಯಾವುದು ಎಷ್ಟು ಪಾಲು ಎಂಬುದು, ಕೆಳಗೆ ಗೆರೆ ಎಳೆದು: ಸೋಪಿನ ಜೊತೆ ಬಳಸಬೇಡಿ. ಅದರ ಕೆಳಗೆ ಅದನ್ನೇ ಗುಜರಾತಿಯಲ್ಲಿ ಬರೆದಳು. ಇಲ್ಲೇ ಬೆಳೆದ ಹೆಣ್ಣುಮಕ್ಕಳಿಗೆ ಕನ್ನಡ ಓದಲು ಬಾರದು.

ಇಂದುಮತಿಯ ಕೈ ನಿಂತಿತು. "ಗುಜರಾತಿ ಬರೆಯೋದು ಯಾವಾಗ ಕಲಿತೆ?"

"ಬಸ್ಸಿನ ಬೋರ್ಡು ನೋಡಿ."

ಇಂದುಮತಿ ಚೀಟಿಯನ್ನು ಮೇಲಿನಿಂದ ಕೆಳಗೆ ಓದಿ, ದನಿ ತಗ್ಗಿಸಿದರು. "ಅಲ್ವೇ ಪೆದ್ದೀ, ಪಾಲು ಸಮೇತ ಎಲ್ಲ ಬರೆದುಬಿಟ್ರೆ ನಾಳೆ ಎಲ್ರೂ ಅವರವರ ಮನೇಲೇ ಮಾಡ್ಕೋತಾರೆ. ನಿನ್ನ ಹತ್ರ ಯಾರು ಬರ್ತಾರೆ?"

ಪದ್ಮಾ ಬುಟ್ಟಿಯಿಂದ ಒಂದು ಸೀಗೆಕಾಯಿ ತೆಗೆದು ಎರಡು ಬೆರಳ ನಡುವೆ ಮುರಿದಳು. ಕಟ್ ಎಂದಿತು.

"ಮಾಡ್ಕೊಳ್ಳಲಿ ಅತ್ತಿಗೆ. ಕಾಯಿ ಆರಿಸಕ್ಕೆ ನನ್ನನ್ನೇ ಕರೀತಾರೆ" ಎಂದು ಇನ್ನೊಂದು ಚೀಟಿ ಎಳೆದುಕೊಂಡಳು.